ಇತಿಹಾಸದ ಪುಟ್ಟ ಸೈನಿಕರು: ಜೋಡಿಸುವುದರಿಂದ ವಾರ್ನಿಶ್‌ವರೆಗೆ

ಜೋಡಿಸಿ ಬಣ್ಣ ಹಚ್ಚುವ ಸೈನಿಕ ಗೊಂಬೆಯ ಪೆಟ್ಟಿಗೆ ತೆರೆದ ಕೂಡಲೇ ಕಟ್ಟರ್, ಅಂಟು ಕೈಗೆ ತೆಗೆದುಕೊಳ್ಳಬೇಡಿ. ಮೊದಲು ಒಂದು ಚೀಟಿಯಲ್ಲಿ ಮೂರು ಸಂಗತಿ ಬರೆದಿಡಿ: ಈ ಸೈನಿಕ ಯಾರು, ಯಾವ ವರ್ಷದವನು, ಈ ಗಳಿಗೆಯಲ್ಲಿ ಎಲ್ಲಿ ನಿಂತಿದ್ದಾನೆ. ಮುಂದಿನ ತೀರ್ಮಾನಗಳೆಲ್ಲ ಈ ಚೀಟಿಯಿಂದಲೇ ಹುಟ್ಟುತ್ತವೆ. ಯಾವ ಕೈ ಅಂಟಿಸಬೇಕು, ಕೋಟಿಗೆ ಯಾವ ಬಣ್ಣ, ಬೂಟಿಗೆ ಎಷ್ಟು ಕೆಸರು, ಕಾಲಡಿ ಹುಲ್ಲೋ ಮಣ್ಣೋ, ಎಲ್ಲವೂ.

"ನೆಪೋಲಿಯನ್ ಕಾಲದ ಫ್ರೆಂಚ್ ಸಿಪಾಯಿ" ಅಂದರೆ ಸಾಲದು. ಆ ಕಾಲದೊಳಗೇ ಅಡ್ಡ ಟೋಪಿ ಹೋಗಿ ಎತ್ತರದ ಶಾಕೋ ಟೋಪಿ ಬಂತು. 1812ರ ನಿಯಮದಿಂದ ಕೋಟಿನ ಹಿಂಬದಿಯ ಬಾಲ ಗಿಡ್ಡವಾಯಿತು. "1815ರ ಜೂನ್ 18, ವಾಟರ್‌ಲೂ, ಹಿಂದಿನ ರಾತ್ರಿ ಮಳೆಯಲ್ಲಿ ನೆಂದ ಕಾಲಾಳು" ಎಂದು ಬರೆದರೆ ಆಗ ಆ ಮನುಷ್ಯ ಕಣ್ಣಿಗೆ ಕಾಣುತ್ತಾನೆ. ಮೇಲೆ ಗ್ರೇಟ್‌ಕೋಟ್ ಹಾಕಿಕೊಂಡಿದ್ದಾನೆ. ಶಾಕೋ ಮೇಲೆ ಮೇಣಬಟ್ಟೆಯ ಹೊದಿಕೆ ಇದೆ. ಪ್ಯಾಂಟಿನ ಕೆಳಭಾಗ ಕೆಸರಾಗಿದೆ. ಈ ಲೇಖನ ಪೂರ್ತಿ ಉದಾಹರಣೆಗೆ ಇವನನ್ನೇ ಇಟ್ಟುಕೊಳ್ಳೋಣ.

ಇದೇ ಯುದ್ಧದ ದೊಡ್ಡ ಮಾದರಿಯನ್ನು ಮಾಡಿದ ಬ್ರಿಟಿಷ್ ಕ್ಯಾಪ್ಟನ್ ವಿಲಿಯಂ ಸೈಬೋರ್ನ್‌ನನ್ನು ಈ ಹವ್ಯಾಸದವರು ನೆನೆಯಲೇಬೇಕು. ಅವನು ಯುದ್ಧಭೂಮಿಯ ಲಾ ಹೇ ಸೇಂಟ್ ತೋಟದ ಮನೆಯಲ್ಲಿ ತಿಂಗಳುಗಟ್ಟಲೆ ಉಳಿದು ನೆಲವನ್ನು ಅಳೆದ. ಯುದ್ಧದಲ್ಲಿದ್ದ ಅಧಿಕಾರಿಗಳಿಗೆ ಪತ್ರ ಬರೆದು, ಸಂಜೆ ಏಳರ ಹೊತ್ತಿಗೆ ಅವರ ಪಡೆ ಎಲ್ಲಿತ್ತು, ಹೊಲದಲ್ಲಿ ಯಾವ ಬೆಳೆ ಇತ್ತು ಎಂದೆಲ್ಲ ಕೇಳಿದ. 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕೆ ಬಂದ ಆ ಮಾದರಿಯಲ್ಲಿ 70,000ಕ್ಕೂ ಜಾಸ್ತಿ ಪುಟ್ಟ ಗೊಂಬೆಗಳಿವೆ. ಈಗ ಅದು ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ನಮ್ಮದು ಒಂದೇ ಗೊಂಬೆ ಇರಬಹುದು. ಆದರೆ ಕೇಳಬೇಕಾದ ಪ್ರಶ್ನೆಗಳು ಅವೇ.

ಗಾತ್ರ ಮತ್ತು ವಸ್ತು

ಗಾತ್ರವನ್ನು ಎರಡು ರೀತಿ ಹೇಳುತ್ತಾರೆ. ಒಂದು ಎತ್ತರ: 28 ಎಂಎಂ, 54 ಎಂಎಂ, 75 ಎಂಎಂ. ಇನ್ನೊಂದು ಅನುಪಾತ: 1/72, 1/35, 1/32. 1/72ರಲ್ಲಿ ಸಾಧಾರಣ ಎತ್ತರದ ಮನುಷ್ಯ ಸುಮಾರು 24 ಎಂಎಂ ಇರುತ್ತಾನೆ. 1/35ರಲ್ಲಿ 50 ಎಂಎಂ ಆಸುಪಾಸು. 54 ಎಂಎಂ ಅಂದರೆ ಹೆಚ್ಚುಕಡಿಮೆ 1/32. ಒಂದು ಎಚ್ಚರಿಕೆ: 28 ಎಂಎಂ ಅನ್ನು ಕೆಲವರು ಪಾದದಿಂದ ಕಣ್ಣಿನವರೆಗೆ ಅಳೆಯುತ್ತಾರೆ, ಕೆಲವರು ನೆತ್ತಿಯವರೆಗೆ. ಹಾಗಾಗಿ ಎರಡು ಕಂಪನಿಯ 28 ಎಂಎಂ ಸೈನಿಕರನ್ನು ಪಕ್ಕಪಕ್ಕ ನಿಲ್ಲಿಸಿದರೆ ಎತ್ತರ ಹೊಂದದೇ ಇರಬಹುದು.

ವಸ್ತುವಿನಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಗಟ್ಟಿ ಪ್ಲಾಸ್ಟಿಕ್, ಮೆದು ಪ್ಲಾಸ್ಟಿಕ್, ರೆಸಿನ್ (ಅಚ್ಚಿಗೆ ಸುರಿದು ಗಟ್ಟಿಯಾಗಿಸುವ ರಾಳ), ಬಿಳಿ ಲೋಹ (ತವರ ಬೆರೆತ ಮೆದು ಮಿಶ್ರಲೋಹ). ಹೊಸಬರಿಗೆ ನನ್ನ ಸಲಹೆ ಒಂದೇ: 28 ಎಂಎಂ, ಗಟ್ಟಿ ಪ್ಲಾಸ್ಟಿಕ್. ಪೆರಿ, ವಿಕ್ಟ್ರಿಕ್ಸ್, ವಾರ್‌ಲಾರ್ಡ್ ಮೊದಲಾದ ಕಂಪನಿಗಳ ಪೆಟ್ಟಿಗೆಗಳಲ್ಲಿ ತಲೆ, ಕೈ, ಚೀಲ ಎಲ್ಲ ಬಿಡಿಬಿಡಿಯಾಗಿ ಬರುತ್ತವೆ. ಅದಲುಬದಲು ಮಾಡಿ ಒಬ್ಬೊಬ್ಬನಿಗೂ ಬೇರೆ ನಿಲುವು ಕೊಡಬಹುದು. ದೊಡ್ಡ 75 ಎಂಎಂ ಗೊಂಬೆ ನೋಡಲು ಚೆಂದ, ಆದರೆ ಅದರಲ್ಲಿ ಮುಖದ ಸಣ್ಣ ತಪ್ಪೂ ಎದ್ದು ಕಾಣುತ್ತದೆ. ಅದು ಆಮೇಲೆ ಬರಲಿ.

ಬೇಕಾದ ಸಾಮಾನು

ಚೂಪು ಬಾಯಿಯ ಸಣ್ಣ ಕಟ್ಟರ್, ಬ್ಲೇಡ್ ಬದಲಿಸಬಹುದಾದ ಹವ್ಯಾಸದ ಚಾಕು, ಒಂದು ಸಣ್ಣ ಅರ, ನುಣುಪು ಸ್ಯಾಂಡ್ ಪೇಪರ್, ಚಿಮಟ. ಲೋಹ ಅಥವಾ ರೆಸಿನ್ ಗೊಂಬೆ ಇದ್ದರೆ ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್ ಮತ್ತು ತೆಳು ಹಿತ್ತಾಳೆ ತಂತಿ. ಇಷ್ಟು ಸಾಕು. ದುಡ್ಡು ಹಾಕುವುದಿದ್ದರೆ ಕಟ್ಟರ್‌ಗೆ ಮತ್ತು ಒಂದೇ ಒಂದು ಒಳ್ಳೆಯ ಬ್ರಶ್‌ಗೆ ಹಾಕಿ.

ಬ್ರಶ್ ವಿಷಯದಲ್ಲಿ ಹೆಚ್ಚಿನವರು ತಪ್ಪು ದಾರಿ ಹಿಡಿಯುತ್ತಾರೆ. ಗೊಂಬೆ ಚಿಕ್ಕದು, ಹಾಗಾಗಿ ಬ್ರಶ್ಶೂ ಚಿಕ್ಕದಿರಬೇಕು ಎಂದುಕೊಂಡು 000 ನಂಬರಿನದ್ದನ್ನು ತರುತ್ತಾರೆ. ಅದರಲ್ಲಿ ಬಣ್ಣ ನಿಲ್ಲುವುದೇ ಅತಿ ಕಡಿಮೆ. ಗೊಂಬೆಗೆ ತಾಗುವ ಮೊದಲೇ ತುದಿಯಲ್ಲಿ ಒಣಗುತ್ತದೆ. 1 ನಂಬರಿನ ಕೊಲಿನ್‌ಸ್ಕಿ (ಒಂದು ಬಗೆಯ ವೀಸಲ್ ಪ್ರಾಣಿ) ಕೂದಲಿನ ಬ್ರಶ್ ತನ್ನಿ. ಹೊಟ್ಟೆಯಲ್ಲಿ ಬಣ್ಣ ಹಿಡಿಯುತ್ತದೆ, ತುದಿ ಸೂಜಿಯಂತೆ ನಿಲ್ಲುತ್ತದೆ. ಮುಖ್ಯವಾದದ್ದು ತುದಿ, ನಂಬರಲ್ಲ. ಬಣ್ಣ ಬ್ರಶ್ಶಿನ ಲೋಹದ ಕೊಳವೆಯೊಳಗೆ ಹೋಗದಂತೆ ನೋಡಿಕೊಳ್ಳಿ. ಒಳಗೆ ಒಣಗಿದರೆ ಕೂದಲು ಅಗಲವಾಗಿ ಹರಡಿ ಬ್ರಶ್ ಕೆಡುತ್ತದೆ. ಪ್ರತಿ ಸಲ ಕೆಲಸ ಮುಗಿದ ಮೇಲೆ ಸೋಪಿನಲ್ಲಿ ತೊಳೆದು, ಬೆರಳಲ್ಲಿ ತುದಿ ಮಾಡಿ, ಮಲಗಿಸಿ ಒಣಗಿಸಿ.

ತೊಳೆಯುವುದು, ಬಿಡಿಸುವುದು, ಕೆರೆಯುವುದು

ಅಚ್ಚಿನಿಂದ ಗೊಂಬೆ ಸುಲಭವಾಗಿ ಬಿಡಲಿ ಎಂದು ಹಾಕಿದ ಜಿಡ್ಡು ಅದರ ಮೇಲೆ ಉಳಿದಿರಬಹುದು. ರೆಸಿನ್‌ನಲ್ಲಂತೂ ಜಾಸ್ತಿ. ಪಾತ್ರೆ ತೊಳೆಯುವ ದ್ರಾವಣ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಮೆಲ್ಲಗೆ ಉಜ್ಜಿ, ಪೂರ್ತಿ ಒಣಗಿಸಿ. ಇದನ್ನು ಬಿಟ್ಟರೆ ಬಣ್ಣ ಆಮೇಲೆ ಸಿಪ್ಪೆಯಂತೆ ಏಳುತ್ತದೆ.

ಪ್ಲಾಸ್ಟಿಕ್ ಭಾಗಗಳು ಅಂಟಿಕೊಂಡು ಬರುವ ಫ್ರೇಮಿನಿಂದ ಅವನ್ನು ತಿರುಚಿ ಮುರಿಯಬೇಡಿ. ಭಾಗದಿಂದ ಸ್ವಲ್ಪ ದೂರಕ್ಕೆ ಒಮ್ಮೆ ಕತ್ತರಿಸಿ, ಉಳಿದ ತುಣುಕನ್ನು ಎರಡನೇ ಸಲ ಹತ್ತಿರಕ್ಕೆ ಕತ್ತರಿಸಿ. ಬಯೋನೆಟ್ (ಬಂದೂಕಿನ ತುದಿಯ ಚೂರಿ), ಕತ್ತಿಯಂತಹ ತೆಳು ಭಾಗಗಳಿಗೆ ಇದು ಕಡ್ಡಾಯ.

ಇನ್ನು ಅಚ್ಚಿನ ಗೆರೆ. ಅಚ್ಚಿನ ಎರಡು ಭಾಗ ಸೇರುವಲ್ಲಿ ಗೊಂಬೆಯ ಸುತ್ತ ಒಂದು ಸಣ್ಣ ಏಣು ಇರುತ್ತದೆ. ಬರಿಗಣ್ಣಿಗೆ ಈಗ ಕಾಣದಿರಬಹುದು. ಬಣ್ಣ ಬಿದ್ದ ಮೇಲೆ ಮುಖದ ಪಕ್ಕದಲ್ಲಿ, ಟೋಪಿಯ ನಡುವೆ, ಕಾಲಿನ ಉದ್ದಕ್ಕೂ ಗೆರೆ ಎಳೆದಂತೆ ಕಾಣುತ್ತದೆ. ಆಗ ತೆಗೆಯಲು ದಾರಿಯಿಲ್ಲ. ದೀಪದ ಕೆಳಗೆ ಗೊಂಬೆಯನ್ನು ಓರೆಯಾಗಿ ತಿರುಗಿಸುತ್ತ ಹುಡುಕಿ. ಚಾಕುವನ್ನು ಲಂಬವಾಗಿ ಹಿಡಿದು, ಅದರ ಬೆನ್ನಿನ ಕಡೆಯಿಂದ ಕೆರೆಯಿರಿ. ಕೊರೆಯಬಾರದು, ಸುಮ್ನೆ ಕೆರೆಯುವುದು. ಇಡೀ ಹವ್ಯಾಸದಲ್ಲಿ ಬೇಸರದ ಕೆಲಸ ಇದೇ. ಆದರೆ ಎರಡು ಗೊಂಬೆಗಳನ್ನು ಪಕ್ಕದಲ್ಲಿಟ್ಟಾಗ ಯಾವುದು ಚೆನ್ನಾಗಿದೆ ಎಂದು ನೋಡುವವರಿಗೆ ಅನ್ನಿಸುವುದು ಹೆಚ್ಚಾಗಿ ಈ ಕೆಲಸದಿಂದಲೇ.

ರೆಸಿನ್ ಉಜ್ಜುವಾಗ ಸ್ಯಾಂಡ್ ಪೇಪರ್ ಒದ್ದೆ ಮಾಡಿಕೊಳ್ಳಿ, ಮಾಸ್ಕ್ ಹಾಕಿಕೊಳ್ಳಿ. ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಳೆಯ ಲೋಹದ ಗೊಂಬೆಗಳಲ್ಲಿ ಸೀಸ ಇರುತ್ತದೆ. ಅವುಗಳ ಕೆಲಸ ಮಾಡಿದ ಮೇಲೆ ಕೈ ತೊಳೆಯದೆ ಏನನ್ನೂ ತಿನ್ನಬೇಡಿ, ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಅಂಟು

ಪ್ಲಾಸ್ಟಿಕ್ ಸಿಮೆಂಟ್ ಗಟ್ಟಿ ಪ್ಲಾಸ್ಟಿಕ್ಕಿಗೆ ಮಾತ್ರ. ಅದು ನಿಜವಾಗಿ ಅಂಟಲ್ಲ. ಎರಡೂ ಕಡೆಯ ಪ್ಲಾಸ್ಟಿಕ್ ಅನ್ನು ಕರಗಿಸಿ ಒಂದು ಮಾಡುತ್ತದೆ. ಹಾಗಾಗಿ ಒಂದು ಹನಿಗಿಂತ ಕಡಿಮೆ ಸಾಕು. ಜಾಸ್ತಿಯಾದರೆ ಬಟ್ಟೆಯ ಮಡಿಕೆ, ಗುಂಡಿ ಎಲ್ಲ ಕರಗುತ್ತವೆ. ಒಂದೆರಡು ನಿಮಿಷ ಭಾಗಗಳು ಅಲ್ಲಾಡುತ್ತಿರುತ್ತವೆ. ಅದೇ ಅನುಕೂಲ: ತೋಳಿನ ಕೋನ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ.

ಲೋಹ, ರೆಸಿನ್ ಎರಡಕ್ಕೂ ಸೂಪರ್ ಗ್ಲೂ. ಅದು ಬೇಗ ಹಿಡಿಯುತ್ತದೆ, ಆದರೆ ಪೆಟ್ಟು ಬಿದ್ದರೆ ಪಟ್ಟನೆ ಬಿಡುತ್ತದೆ. ಭಾರದ ತೋಳು, ಕುದುರೆಯ ಮೇಲೆ ಕೂತ ಸವಾರ, ಉದ್ದನೆಯ ಧ್ವಜದ ಕೋಲು ಇಂತಹವಕ್ಕೆ ಒಳಗೊಂದು ತಂತಿ ಬೇಕು. ಒಂದು ಭಾಗದಲ್ಲಿ ತೂತು ಕೊರೆದು ತಂತಿ ಅಂಟಿಸಿ. ಅದರ ತುದಿಗೆ ಒಂದು ಚುಕ್ಕೆ ಬಣ್ಣ ಮುಟ್ಟಿಸಿ, ಇನ್ನೊಂದು ಭಾಗಕ್ಕೆ ಒತ್ತಿ. ಗುರುತು ಬಿದ್ದಲ್ಲಿ ಎರಡನೇ ತೂತು ಕೊರೆಯಿರಿ. ಕಿಟಕಿ ತೆರೆದಿರಲಿ.

1/72ರ ಮೆದು ಪ್ಲಾಸ್ಟಿಕ್ ಗೊಂಬೆಗಳು ಬೇರೆಯೇ ಜಾತಿ. ಬಹುಪಾಲು ಒಂದೇ ತುಂಡಾಗಿ ಬರುತ್ತವೆ. ಪ್ಲಾಸ್ಟಿಕ್ ಸಿಮೆಂಟ್ ಅವುಗಳ ಮೇಲೆ ಕೆಲಸ ಮಾಡುವುದಿಲ್ಲ. ಬಾಗಿದ ಬಂದೂಕನ್ನು ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಿ, ಕೂಡಲೇ ತಣ್ಣೀರಲ್ಲಿ ಅದ್ದಿದರೆ ಹಾಗೇ ನಿಲ್ಲುತ್ತದೆ.

ಅಂಟಿಸುವ ಮೊದಲು ಪ್ರತಿ ಭಾಗವನ್ನೂ ಒಣದಾಗಿ ಜೋಡಿಸಿ ನೋಡಿ. ನಮ್ಮ ವಾಟರ್‌ಲೂ ಕಾಲಾಳು ಬಂದೂಕನ್ನು ಎದೆಗೆ ಅಡ್ಡ ಹಿಡಿದಿದ್ದರೆ, ಅದರ ಹಿಂದಿನ ಬಿಳಿ ಪಟ್ಟಿಗಳಿಗೆ ಬ್ರಶ್ ಹೋಗುತ್ತದಾ? ಹೋಗದಿದ್ದರೆ ಬಂದೂಕಿನ ತೋಳನ್ನು ಈಗ ಅಂಟಿಸಬೇಡಿ, ಬೇರೆಯೇ ಬಣ್ಣ ಹಚ್ಚಿ ಆಮೇಲೆ ಸೇರಿಸಿ. ಬೆನ್ನುಚೀಲಕ್ಕೂ ಇದೇ ಮಾತು. ಆದರೆ ಎಲ್ಲವನ್ನೂ ಬಿಡಿಯಾಗಿಟ್ಟುಕೊಂಡರೆ ಕೊನೆಗೆ ಬಣ್ಣದ ಮೇಲೆ ಅಂಟು ಹಾಕುವ ತಾಪತ್ರಯ. ಬ್ರಶ್ ತಲುಪದ ಜಾಗ ಕಣ್ಣಿಗೂ ಕಾಣುವುದಿಲ್ಲ ಅಂತಾದರೆ ಧೈರ್ಯವಾಗಿ ಅಂಟಿಸಿಬಿಡಿ.

ಭುಜದ ಸಂದು, ಕುತ್ತಿಗೆಯ ಸಂದು ಉಳಿದರೆ ಎರಡು ಬಣ್ಣದ ಎಪಾಕ್ಸಿ ಪುಟ್ಟಿಯನ್ನು ಕಲಸಿ ತುಂಬಿ. ಗ್ರೀನ್ ಸ್ಟಫ್ ಎಂದು ಕರೆಯುವ ಹಳದಿ-ನೀಲಿ ಪುಟ್ಟಿ ಇದಕ್ಕೇ ಇರುವುದು. ಉಪಕರಣವನ್ನು ನೀರಲ್ಲಿ ಅದ್ದಿಕೊಂಡರೆ ಅಂಟಿಕೊಳ್ಳುವುದಿಲ್ಲ.

ಪ್ರೈಮರ್

ಪ್ರೈಮರ್ ಅಂದರೆ ಬಣ್ಣಕ್ಕೂ ಮೊದಲು ಹಚ್ಚುವ ತಳಪದರ. ಅದಿಲ್ಲದೆ ನೀರಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ನಿಲ್ಲುವುದಿಲ್ಲ. ಸ್ಪ್ರೇ ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ, 20ರಿಂದ 30 ಸೆಂಟಿಮೀಟರ್ ದೂರದಿಂದ, ಕೈ ಆಡಿಸುತ್ತ, ಸಣ್ಣ ಸಣ್ಣದಾಗಿ ಹೊಡೆಯಿರಿ. ಒಂದೇ ಸಲ ಮುಚ್ಚಲು ಹೋಗಬೇಡಿ. ಮಳೆ ಬರುವಾಗ, ಗಾಳಿಯಲ್ಲಿ ತೇವ ಜಾಸ್ತಿ ಇರುವಾಗ ಸ್ಪ್ರೇ ಬೇಡ. ಬಿರುಬಿಸಿಲಿನಲ್ಲೂ ಬೇಡ, ಬಣ್ಣ ಗೊಂಬೆ ಮುಟ್ಟುವ ಮೊದಲೇ ಒಣಗಿ ಮರಳು ಮರಳಾಗುತ್ತದೆ. ಅಂತಹ ದಿನಗಳಲ್ಲಿ ಬ್ರಶ್‌ನಲ್ಲಿ ಹಚ್ಚುವ ಪ್ರೈಮರ್ ಒಳ್ಳೆಯದು.

ಕಪ್ಪು, ಬೂದು, ಬಿಳಿ, ಯಾವುದು? ನಾನು ಹೇಳುವುದು ಹೀಗೆ: ಪೂರ್ತಿ ಕಪ್ಪು ಹೊಡೆದು, ಒಣಗಿದ ಮೇಲೆ ನೆತ್ತಿಯ ಕಡೆಯಿಂದ ಮಾತ್ರ ಬಿಳಿ ಅಥವಾ ತಿಳಿ ಬೂದು ಹೊಡೆಯಿರಿ. ಸೂರ್ಯನ ಬೆಳಕು ಬೀಳುವ ಕಡೆ ಬಿಳುಪು, ತೋಳಿನಡಿ, ಕೋಟಿನಡಿ ಕಪ್ಪು. ನೆರಳು ಎಲ್ಲಿ, ಬೆಳಕು ಎಲ್ಲಿ ಎಂಬುದರ ನಕ್ಷೆ ಗೊಂಬೆಯ ಮೇಲೇ ಸಿಕ್ಕಿತು. ಬಣ್ಣ ಹಚ್ಚುವ ಮೊದಲು ಇದರ ಫೋಟೋ ತೆಗೆದಿಟ್ಟುಕೊಂಡರೆ ಆಮೇಲೆ ನೋಡಿಕೊಳ್ಳಲು ಬರುತ್ತದೆ.

ಬಣ್ಣ ಹಚ್ಚುವ ಕ್ರಮ

ಗೊಂಬೆಯನ್ನು ಕೈಯಲ್ಲಿ ಹಿಡಿಯಬೇಡಿ. ಹಳೆ ಬಾಟಲಿ ಮುಚ್ಚಳಕ್ಕೋ ಕಾರ್ಕಿಗೋ ಅಂಟಿಸಿ, ಅದನ್ನು ಹಿಡಿಯಿರಿ. ಎರಡೂ ಮಣಿಕಟ್ಟನ್ನು ಮೇಜಿನ ಅಂಚಿಗೆ ಊರಿದರೆ ಕೈ ನಡುಗುವುದು ಬಹಳ ಕಡಿಮೆಯಾಗುತ್ತದೆ.

ಬಣ್ಣವನ್ನು ಬಾಟಲಿಯಿಂದ ನೇರವಾಗಿ ಹಚ್ಚಬಾರದು. ನೀರು ಬೆರೆಸಿ ಹಾಲಿನಷ್ಟು ತೆಳು ಮಾಡಿಕೊಳ್ಳಿ. ಮೊದಲ ಪದರ ಅಲ್ಲಲ್ಲಿ ಬಿಟ್ಟುಬಿಟ್ಟು ಕಾಣುತ್ತದೆ, ಗಾಬರಿ ಬೇಡ. ಒಣಗಲಿ, ಎರಡನೆಯದು ಹಚ್ಚಿ. ದಪ್ಪ ಒಂದು ಪದರಕ್ಕಿಂತ ತೆಳು ಎರಡು ಪದರ ಯಾವಾಗಲೂ ಮೇಲು. ಶಿಲ್ಪಿ ಕೆತ್ತಿದ ಗುಂಡಿ, ಮಡಿಕೆ ಎಲ್ಲ ಉಳಿಯುತ್ತವೆ. ಬಣ್ಣ ಬೇಗ ಒಣಗುತ್ತಿದ್ದರೆ ಒದ್ದೆ ಪ್ಯಾಲೆಟ್ ಮಾಡಿಕೊಳ್ಳಿ: ಅಗಲ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್. ಮುಚ್ಚಳ ಹಾಕಿಟ್ಟರೆ ಬಣ್ಣ ಮಾರನೇ ದಿನವೂ ಹಸಿಯಾಗಿರುತ್ತದೆ.

ಕ್ರಮ ಸುಲಭ. ಒಳಗಿನಿಂದ ಹೊರಕ್ಕೆ, ಮನುಷ್ಯ ಬಟ್ಟೆ ತೊಡುವ ಹಾಗೇ. ಮೊದಲು ಮುಖ, ಕೈ. ಆಮೇಲೆ ಪ್ಯಾಂಟು, ಕೋಟು. ನಂತರ ಪಟ್ಟಿ, ಚೀಲ, ಬಂದೂಕು. ಕೊನೆಗೆ ಲೋಹ. ಒಳಗಿನ ಬಣ್ಣ ಹೊರಗೆ ಚೆಲ್ಲಿದರೂ ಮುಂದಿನ ಬಣ್ಣ ಅದನ್ನು ಮುಚ್ಚುತ್ತದೆ.

ಮೂಲ ಬಣ್ಣ ಒಣಗಿದ ಮೇಲೆ ವಾಶ್. ಇದು ನೀರಿನಂತಿರುವ ಗಾಢ ಬಣ್ಣ, ತಾನಾಗಿ ಮಡಿಕೆಗಳಿಗೆ ಇಳಿಯುತ್ತದೆ. ಇಡೀ ಗೊಂಬೆಗೆ ಒಂದೇ ಕಪ್ಪು ವಾಶ್ ಸುರಿಯುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಎಲ್ಲರೂ ಮಸಿ ಮೆತ್ತಿಕೊಂಡವರಂತೆ ಕಾಣುತ್ತಾರೆ. ಚರ್ಮಕ್ಕೆ ಕೆಂಗಂದು, ಬಿಳಿ ಪಟ್ಟಿಗೆ ತಿಳಿಗಂದು, ನೀಲಿಗೆ ಕಡುನೀಲಿ, ಲೋಹಕ್ಕೆ ಮಾತ್ರ ಕಪ್ಪು. ವಾಶ್ ಚಪ್ಪಟೆ ಜಾಗದಲ್ಲಿ ಮಡುಗಟ್ಟಿದರೆ ಒಣಬ್ರಶ್‌ನಿಂದ ಹೀರಿ ತೆಗೆಯಿರಿ. ಆಮೇಲೆ ಮೂಲ ಬಣ್ಣವನ್ನೇ ಮತ್ತೆ, ಮಡಿಕೆಗಳ ಮೇಲ್ಭಾಗಕ್ಕೆ ಮಾತ್ರ. ಅದಕ್ಕೆ ತುಸು ತಿಳಿ ಬಣ್ಣ ಸೇರಿಸಿ, ಭುಜ, ಮೊಣಕೈ, ಮಡಿಕೆಯ ಉಬ್ಬಿದ ಅಂಚಿಗೆ ಕೊನೆಯ ಗೆರೆ.

ಈ ಕೊನೆಯ ಗೆರೆ ಕಣ್ಣಿನ ಹತ್ತಿರ ಹಿಡಿದಾಗ ಅತಿಯಾಯಿತು ಅನ್ನಿಸುತ್ತದೆ. ಅಳಿಸಬೇಡಿ. ತೋಳು ಚಾಚಿ ದೂರದಿಂದ ನೋಡಿ. 28 ಎಂಎಂ ಗೊಂಬೆಯನ್ನು ಜನ ನೋಡುವುದೇ ಅಷ್ಟು ದೂರದಿಂದ ಅಲ್ವಾ? ಅಷ್ಟು ದೂರಕ್ಕೆ ಸೌಮ್ಯ ಬಣ್ಣಗಳೆಲ್ಲ ಒಂದರಲ್ಲೊಂದು ಬೆರೆತು ಮಂಕಾಗುತ್ತವೆ. ಇದೇ ಕಾರಣಕ್ಕೆ ಅಚ್ಚ ಕಪ್ಪನ್ನೂ ಅಚ್ಚ ಬಿಳಿಯನ್ನೂ ಮೂಲ ಬಣ್ಣವಾಗಿ ಬಳಸಬೇಡಿ. ಕಪ್ಪಿಗೆ ಕಡು ಬೂದು, ಬಿಳಿಗೆ ತಿಳಿ ಬೂದು ಅಥವಾ ಕೆನೆ ಬಣ್ಣ ಹಚ್ಚಿ, ಅಚ್ಚ ಬಿಳಿಯನ್ನು ಕೊನೆಯ ಗೆರೆಗೆ ಉಳಿಸಿಕೊಳ್ಳಿ.

ಸಮವಸ್ತ್ರದ ಬಣ್ಣ

ಇಲ್ಲಿ ಚೀಟಿಯನ್ನು ಮತ್ತೆ ತೆಗೆಯಿರಿ. ನಿಯಮ ಪುಸ್ತಕದಲ್ಲಿದ್ದ ಬಣ್ಣ ಬೇರೆ, ರಣರಂಗದಲ್ಲಿದ್ದ ಬಣ್ಣ ಬೇರೆ. ಚಿತ್ರಗಳಲ್ಲಿ ಫ್ರೆಂಚ್ ಕಾಲಾಳಿಗೆ ನೀಲಿ ಕೋಟು, ಎದೆಗೆ ಬಿಳಿ ಅಂಚು, ಬಿಳಿ ಪ್ಯಾಂಟು. ದಂಡಯಾತ್ರೆಯಲ್ಲಿ ಅವನ ಮೇಲಿದ್ದದ್ದು ಗ್ರೇಟ್‌ಕೋಟ್. ಅದು ಬೂದು, ತಿಳಿಗಂದು, ಕಂದು, ಹೀಗೆ ಸಿಕ್ಕಿದ ಬಟ್ಟೆಯದ್ದು. ಪ್ಯಾಂಟೂ ಹಾಗೇ. ಹತ್ತು ಮಂದಿ ಸಾಲಾಗಿ ನಿಂತರೆ ಹತ್ತೂ ಕೋಟುಗಳು ಒಂದೇ ಬೂದು ಇರಬಾರದು. ಮೂರು ನಾಲ್ಕು ಛಾಯೆ ಮಾಡಿಟ್ಟುಕೊಂಡು ಹಂಚಿ. ಬೆನ್ನುಚೀಲ ಕೂದಲು ಹೊರಗೆ ಕಾಣುವ ದನದ ಚರ್ಮದ್ದು. ಕಂದು, ಕಪ್ಪು, ಬಿಳಿ ಮಚ್ಚೆ, ಒಬ್ಬೊಬ್ಬನದ್ದು ಒಂದೊಂದು ಥರ ಮಾಡಲು ಒಳ್ಳೆಯ ಅವಕಾಶ. ಗ್ರೆನೇಡಿಯರ್ (ಆಯ್ದ ಕಾಲಾಳು) ಆಗಿದ್ದರೆ ಭುಜಕ್ಕೆ ಕೆಂಪು ಕುಚ್ಚಿನ ಪಟ್ಟಿ ಬರುತ್ತದೆ.

ಎದುರು ಪಕ್ಷದ ಬ್ರಿಟಿಷರಲ್ಲೂ ಎಲ್ಲ ಕೆಂಪೂ ಒಂದೇ ಅಲ್ಲ. ಸಾಮಾನ್ಯ ಸಿಪಾಯಿಯ ಕೋಟಿಗೆ ಮಂಜಿಷ್ಠ ಬೇರಿನ ಜಾತಿಯ ಅಗ್ಗದ ಬಣ್ಣ, ಅದು ಇಟ್ಟಿಗೆಯ ಕೆಂಪಿನತ್ತ ವಾಲುತ್ತದೆ. ಅಧಿಕಾರಿಗಳದ್ದು ಹೊಳೆಯುವ ಕಡುಗೆಂಪು. ಒಂದೇ ಗುಂಪಿನಲ್ಲಿ ಈ ಎರಡು ಕೆಂಪು ಬಳಸಿದರೆ ಅಧಿಕಾರಿ ತಾನಾಗಿ ಎದ್ದು ಕಾಣುತ್ತಾನೆ. ಕಾಲರ್, ಕಫ್‌ಗಳ ಬಣ್ಣ ರೆಜಿಮೆಂಟಿನಿಂದ ರೆಜಿಮೆಂಟಿಗೆ ಬೇರೆ. ಉದಾಹರಣೆಗೆ ಸ್ಕಾಟ್ಲೆಂಡಿನ 42ನೇ ಹೈಲ್ಯಾಂಡರ್ಸ್‌ಗೆ ನೀಲಿ, 92ನೆಯದಕ್ಕೆ ಹಳದಿ. 95ನೇ ರೈಫಲ್ಸ್ ಅಂತೂ ಕೆಂಪೇ ಅಲ್ಲ, ಕಡುಹಸಿರು ಕೋಟು, ಕಪ್ಪು ಕಾಲರ್.

ಬೇರೆ ಯುದ್ಧಗಳಿಗೂ ಇದೇ ಎಚ್ಚರ. 1914ರಲ್ಲಿ ಯುದ್ಧಕ್ಕೆ ಹೊರಟ ಫ್ರೆಂಚ್ ಸೈನಿಕನಿಗೆ ಕೆಂಪು ಪ್ಯಾಂಟು. 1915ರಿಂದ ತಿಳಿನೀಲಿ ಸಮವಸ್ತ್ರ. ವರ್ಷ ಒಂದು ತಪ್ಪಿದರೆ ಇಡೀ ಗೊಂಬೆ ತಪ್ಪಿತು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಬೂದು ಬಟ್ಟೆಯ ಜೊತೆಗೆ ಮನೆಯಲ್ಲೇ ಬಣ್ಣ ಹಾಕಿದ ಹಳದಿಗಂದು ಬಟ್ಟೆಗಳೂ ಧಾರಾಳವಾಗಿದ್ದವು. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ನಿಜವಾದ ಬಟ್ಟೆಗಳ ಫೋಟೋಗಳನ್ನು ನೋಡಿ. ಬಣ್ಣ ಮಾಸಿರುತ್ತದೆ, ನಿಜ. ಹಾಗಾಗಿ ಹೊಲಿಗೆಯ ಒಳಭಾಗ, ಮಡಿಕೆಯ ಅಡಿ ಕಾಣುವ ಫೋಟೋ ಸಿಕ್ಕರೆ ಬಿಡಬೇಡಿ, ಬೆಳಕು ತಾಗದೆ ಉಳಿದ ಬಣ್ಣ ಅಲ್ಲಿರುತ್ತದೆ.

ಕುದುರೆ ಬಂದರೆ ಒಂದೇ ಮಾತು ನೆನಪಿಡಿ. ಮೈ ಕಂದು, ಕೇಸರ, ಬಾಲ, ಕಾಲಿನ ಕೆಳಭಾಗ ಕಪ್ಪು ಇದ್ದರೆ ಅದು ಬೇ. ಮೈ ಕೆಂಗಂದಾಗಿದ್ದು, ಕೇಸರ, ಬಾಲ ಕೂಡ ಅದೇ ಬಣ್ಣದಲ್ಲಿದ್ದರೆ ಅದು ಚೆಸ್ಟ್‌ನಟ್, ಅದರ ಕಾಲು ಕಪ್ಪಾಗುವುದಿಲ್ಲ. ಇವೆರಡನ್ನು ಬೆರೆಸಿಬಿಟ್ಟರೆ ಕುದುರೆ ಬಲ್ಲವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಮುಖ

ನೋಡುವವರ ಕಣ್ಣು ಮೊದಲು ಹೋಗುವುದು ಮುಖಕ್ಕೆ. ಸಮಯದ ಅರ್ಧ ಇಲ್ಲಿಗೆ ಕೊಟ್ಟರೂ ತಪ್ಪಿಲ್ಲ. ನಡುವಣ ಚರ್ಮದ ಬಣ್ಣ ಹಚ್ಚಿ, ಕೆಂಗಂದು ವಾಶ್ ಬಿಡಿ. ಒಣಗಿದ ಮೇಲೆ ಮೂಗು, ಕೆನ್ನೆಯ ಮೂಳೆ, ಗಲ್ಲ, ಹುಬ್ಬಿನ ಮೇಲೆ ಮೂಲ ಬಣ್ಣ. ಮೂಗಿನ ತುದಿಗೆ, ಕೆನ್ನೆಯ ಮೇಲ್ಭಾಗಕ್ಕೆ ತಿಳಿ ಬಣ್ಣದ ಚುಕ್ಕೆ. ಕೆಳತುಟಿಗೆ ಚರ್ಮದ ಬಣ್ಣದಲ್ಲಿ ತುಸು ಕೆಂಪು ಬೆರೆಸಿ. ಗಡ್ಡ ಬೋಳಿಸದೆ ದಿನವಾದ ಸೈನಿಕನಿಗೆ ದವಡೆಯ ಮೇಲೆ ಬೂದು ಬೆರೆಸಿದ ಚರ್ಮದ ಬಣ್ಣವನ್ನು ತೀರಾ ತೆಳುವಾಗಿ ಎಳೆದರೆ ನಮ್ಮ ಕಾಲಾಳಿನ ಇಡೀ ರಾತ್ರಿಯ ಕಷ್ಟ ಮುಖದಲ್ಲಿ ಬರುತ್ತದೆ.

ಕಣ್ಣಿಗೆ ಮೊದಲು ಕಡುಗಂದು ಅಡ್ಡಗೆರೆ. ಅದರೊಳಗೆ ತಿಳಿ ಬೂದು, ಅಂಚಿನಲ್ಲಿ ಕಂದು ಉಳಿಯಬೇಕು. ನಡುವೆ ಕಡು ಚುಕ್ಕೆ, ಮೇಲಿನಿಂದ ಕೆಳಗೆ ಸಣ್ಣ ಗೆರೆಯಂತೆ ಎಳೆದರೆ ಬಿಟ್ಟಕಣ್ಣು ಆಗುವುದಿಲ್ಲ. ಕಣ್ಣು ದೊಡ್ಡದಾದರೆ ಚರ್ಮದ ಬಣ್ಣದಿಂದ ಕೆಳಗಿನಿಂದ ಕತ್ತರಿಸಿ. 28 ಎಂಎಂ ಅಥವಾ ಚಿಕ್ಕದರಲ್ಲಿ ಕಣ್ಣು ಬರೆಯದೆ, ಕಡು ನೆರಳು ಮಾತ್ರ ಬಿಟ್ಟರೂ ಚೆನ್ನಾಗಿಯೇ ಕಾಣುತ್ತದೆ. ಟೋಪಿಯ ಅಂಚು ಮುಖದ ಮೇಲಿದ್ದರೆ ನಾನು ಹಾಗೇ ಮಾಡುತ್ತೇನೆ.

ಲೋಹದ ಬಣ್ಣಕ್ಕೆ ಬೇರೆ ಬ್ರಶ್, ಬೇರೆ ನೀರಿನ ಲೋಟ ಇಡಿ. ಇಲ್ಲದಿದ್ದರೆ ಮಿನುಗು ಕಣಗಳು ಎಲ್ಲಾ ಬಣ್ಣಕ್ಕೂ ಸೇರುತ್ತವೆ.

ಬೇಸ್, ವಾರ್ನಿಶ್, ಇಡುವುದು

ಗೊಂಬೆ ನಿಲ್ಲುವ ಅಡಿತಟ್ಟೆಯೇ ಬೇಸ್. ಅದಕ್ಕೆ ಬಿಳಿ ಫೆವಿಕಾಲ್ ಥರದ ಅಂಟು ಹಚ್ಚಿ ಜರಡಿ ಹಿಡಿದ ಮರಳಲ್ಲಿ ಅದ್ದಿ. ಒಣಗಿದ ಮೇಲೆ ಕಡುಗಂದು ಬಣ್ಣ. ಆಮೇಲೆ ಹಳೆಯ ಬ್ರಶ್‌ಗೆ ತಿಳಿಗಂದು ತೆಗೆದುಕೊಂಡು, ಬಟ್ಟೆಗೆ ಒರೆಸಿ ಬಹುಪಾಲು ಬಣ್ಣ ತೆಗೆದು, ಮರಳಿನ ಮೇಲೆ ಮೆಲ್ಲಗೆ ಆಡಿಸಿ. ವಾಟರ್‌ಲೂ ಹೊಲಗಳಲ್ಲಿ ಎತ್ತರದ ರೈ ಬೆಳೆ ಇತ್ತು, ಸೈನಿಕರು ಅದನ್ನು ತುಳಿದು ಹೋಗಿದ್ದರು. ಹಾಗಾಗಿ ನಮ್ಮವನಿಗೆ ಒತ್ತಾದ ಹಸಿರು ಹುಲ್ಲಲ್ಲ, ಒದ್ದೆ ಕಂದು ಮಣ್ಣು, ಬಾಗಿದ ಒಂದಿಷ್ಟು ಒಣಹುಲ್ಲಿನ ಎಳೆ. ಅದೇ ಮಣ್ಣಿನ ಬಣ್ಣವನ್ನು ಸ್ಪಂಜಿನ ಚೂರಿನಲ್ಲಿ ಅದ್ದಿ ಬೂಟಿಗೂ ಕೋಟಿನ ಕೆಳ ಅಂಚಿಗೂ ಮುಟ್ಟಿಸಿ. ಗೊಂಬೆ ಬೇಸ್ ಮೇಲೆ ಅಂಟಿಸಿದಂತಲ್ಲ, ಆ ನೆಲದ ಮೇಲೇ ನಡೆದು ಬಂದಂತೆ ಕಾಣುವುದು ಇದರಿಂದ.

ವಾರ್ನಿಶ್ ಎರಡು ಸಲ. ಮೊದಲು ಹೊಳಪಿನದ್ದು, ಅದು ಗಟ್ಟಿ. ಪೂರ್ತಿ ಒಣಗಿದ ಮೇಲೆ ಹೊಳಪಿಲ್ಲದ್ದು. ಆಟಕ್ಕೆ ಬಳಸದೆ ಗಾಜಿನ ಕಪಾಟಿನಲ್ಲೇ ಇಡುವ ಗೊಂಬೆಗೆ ಹೊಳಪಿಲ್ಲದ್ದು ಒಂದೇ ಸಾಕು. ತೇವದ ದಿನ ಸ್ಪ್ರೇ ವಾರ್ನಿಶ್ ಹೊಡೆದರೆ ಬಿಳಿ ಮಂಜು ಕಟ್ಟಿದಂತಾಗುತ್ತದೆ, ಪ್ರೈಮರ್‌ಗಿಂತ ಇಲ್ಲಿ ಜಾಸ್ತಿ ಎಚ್ಚರ ಬೇಕು. ಲೋಹದ ಹೊಳಪು ಮತ್ತೆ ಬೇಕಿದ್ದರೆ ವಾರ್ನಿಶ್ ಆದ ಮೇಲೆ ಬಯೋನೆಟ್‌ಗೆ ಇನ್ನೊಂದು ಗೆರೆ ಬೆಳ್ಳಿ ಬಣ್ಣ ಎಳೆಯಿರಿ.

ಗೊಂಬೆಗಳನ್ನು ನೇರ ಬಿಸಿಲು ಬೀಳುವ ಕಿಟಕಿಯ ಪಕ್ಕ ಇಡಬೇಡಿ, ಬಣ್ಣ ಮಾಸುತ್ತದೆ. ಸೀಸವಿರುವ ಹಳೆಯ ಗೊಂಬೆಗಳಿದ್ದರೆ ಮರದ ಕಪಾಟು ಬೇಡ. ಕೆಲವು ಮರಗಳು, ಅದರಲ್ಲೂ ಓಕ್, ಹುಳಿ ಆವಿ ಬಿಡುತ್ತವೆ. ಮುಚ್ಚಿದ ಜಾಗದಲ್ಲಿ ಆ ಆವಿ ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ಗಾಜು ಮತ್ತು ಲೋಹದ ಕಪಾಟಿನಲ್ಲಿ, ಸ್ವಲ್ಪ ಗಾಳಿಯಾಡುವಂತೆ ಇಡಿ. ಧೂಳು ಕೂತರೆ ಬಟ್ಟೆಯಲ್ಲಿ ಒರೆಸಬೇಡಿ, ಮೆದು ಅಗಲ ಬ್ರಶ್‌ನಿಂದ ಮೇಲಿನಿಂದ ಕೆಳಕ್ಕೆ ಗುಡಿಸಿ. ಚೀಟಿಯನ್ನು ಎಸೆಯದೆ, ಬಳಸಿದ ಬಣ್ಣಗಳ ಹೆಸರನ್ನೂ ಅದರಲ್ಲೇ ಬರೆದು ಬೇಸ್‌ನ ಅಡಿಗೆ ಅಂಟಿಸಿಡಿ. ಮುಂದೆ ಅದೇ ರೆಜಿಮೆಂಟಿಗೆ ಇನ್ನೂ ಹತ್ತು ಜನ ಸೇರುವಾಗ ಅದೇ ಬೂದು, ಅದೇ ಕಂದು ಮತ್ತೆ ಸಿಗುತ್ತದೆ.